ಬಿಸಿಲ ನಾಡಿನಲ್ಲಿ ಕ್ಯಾಂಪರ್ ಗಾಡಿ: ಬ್ಯಾಟರಿ ಮತ್ತು ವೈರಿಂಗ್ ಕಾಪಾಡೋದು ಹೇಗೆ

ಮೇ ತಿಂಗಳ ಒಂದು ರಾತ್ರಿ. ಬಾದಾಮಿಯ ಹೊರಗೆ ಬೇವಿನ ಮರದ ಕೆಳಗೆ ನಮ್ಮ ಗಾಡಿ ನಿಂತಿತ್ತು. ಹೊತ್ತು ಮುಳುಗಿ ಎರಡು ತಾಸಾದರೂ ಗಾಡಿಯ ತಗಡು ಇನ್ನೂ ಕಾದಿತ್ತು. ಅನ್ನಕ್ಕೆ ಇಡೋಣ ಅಂತ ಇಂಡಕ್ಷನ್ ಒಲೆ ಹಚ್ಚಿದೆವು. ಐದು ನಿಮಿಷ ಆಗಿರಬಹುದು, ಸುಟ್ಟ ವಾಸನೆ ಬಂತು. ಅನ್ನ ತಳ ಹಿಡಿದ ವಾಸನೆ ಅಲ್ಲ, ಪ್ಲಾಸ್ಟಿಕ್ ಕರಗುವ ವಾಸನೆ. ಒಲೆ ಆಫ್ ಮಾಡಿ, ಸೀಟು ಎತ್ತಿ, ಟಾರ್ಚ್ ಬಿಟ್ಟು ನೋಡಿದೆ. ಇನ್ವರ್ಟರ್‌ನಿಂದ ಬ್ಯಾಟರಿಗೆ ಬರುವ ದಪ್ಪ ಕರಿ ವೈರಿನ ತುದಿಯಲ್ಲಿ ಲಗ್ (ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಬಳೆ) ಇದೆಯಲ್ಲ, ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಗುಳ್ಳೆ ಎದ್ದು, ಸುಕ್ಕಾಗಿ ಹಿಂದಕ್ಕೆ ಸರಿದಿತ್ತು. ಒಳಗಿನ ತಾಮ್ರ ಕೆಂಪು ಬಿಟ್ಟು ಕಂದು ಆಗಿತ್ತು. ಬೆರಳು ಹತ್ತಿರ ಒಯ್ದರೆ ಸಾಕು, ಕಾವು ಮುಖಕ್ಕೇ ಹೊಡೆಯುತ್ತಿತ್ತು.

ಬ್ಯಾಟರಿ ಚೆನ್ನಾಗಿತ್ತು. ಇನ್ವರ್ಟರ್ ಚೆನ್ನಾಗಿತ್ತು. ಫ್ಯೂಸ್ ಕೂಡ ಹಾರಿರಲಿಲ್ಲ. ಕೆಟ್ಟಿದ್ದು ಒಂದು ಜಾಯಿಂಟ್ ಮಾತ್ರ. ಇನ್ನು ಹತ್ತು ನಿಮಿಷ ಮಾತಾಡುತ್ತ ಕೂತಿದ್ದರೆ ಸೀಟಿನ ಫೋಮ್‌ಗೆ ಬೆಂಕಿ ಹತ್ತುತ್ತಿತ್ತು. ಒಳಗೆ ಮಗಳು ಮಲಗಿದ್ದಳು.

ನಮ್ಮದು ವಿಜಯಪುರ. ಟೆಂಪೋ ಟ್ರಾವೆಲರ್ ಒಂದನ್ನು ಆರ್‌ಟಿಒ ಪರವಾನಗಿ ತಗೊಂಡು ಮಲಗುವ ಗಾಡಿ ಮಾಡಿಕೊಂಡಿದ್ದೇವೆ. ಆ ರಾತ್ರಿಯ ನಂತರ ಇದರ ಕರೆಂಟಿನ ಲೆಕ್ಕವನ್ನು ಕೂತು ಕಲಿತೆ. ಈಗ ನಮ್ಮ ಕಡೆ ಗಾಡಿ ಹೀಗೆ ಮಾಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಅವರಿಗೆ ಇದು ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಆ ಲಗ್ ಯಾಕೆ ಕಾಯಿತು ಅನ್ನೋದರಿಂದಲೇ ಶುರು ಮಾಡೋಣ. ಮನೆಯಲ್ಲಿ 800 ವ್ಯಾಟ್ ಒಲೆ 230 ವೋಲ್ಟ್‌ನಲ್ಲಿ ನಡೆಯುತ್ತದೆ. ಅದು ಎಳೆಯೋದು ಸುಮಾರು ಮೂರೂವರೆ ಆಂಪಿಯರ್ ಅಷ್ಟೇ. ಅದೇ ಒಲೆಯನ್ನು 12 ವೋಲ್ಟ್ ಬ್ಯಾಟರಿಯಿಂದ ನಡೆಸಿದರೆ, ಇನ್ವರ್ಟರ್ ತಿನ್ನುವ ಪಾಲೂ ಸೇರಿ ಬ್ಯಾಟರಿ ವೈರಿನಲ್ಲಿ 75 ಆಂಪಿಯರ್ ಹರಿಯುತ್ತದೆ. ವೋಲ್ಟ್ ಕಡಿಮೆಯಾದಷ್ಟೂ ಆಂಪಿಯರ್ ಏರಲೇಬೇಕು, ಇಲ್ಲದಿದ್ದರೆ ಅಷ್ಟೇ ವ್ಯಾಟ್ ಬರೋದಿಲ್ಲ. ಇನ್ನು ಜಾಯಿಂಟ್ ಕಾಯೋದು ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ. ಆಂಪಿಯರ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಸರಿಯಾಗಿ ಒತ್ತದ ಲಗ್‌ನಲ್ಲಿ ಓಮ್‌ನ ನೂರರಲ್ಲಿ ಒಂದು ಪಾಲು ತಡೆ ಇದೆ ಅಂದುಕೊಳ್ಳಿ. ಮೂರೂವರೆ ಆಂಪಿಯರ್ ಹರಿದರೆ ಅಲ್ಲಿ ಒಂದು ವ್ಯಾಟ್‌ನ ಎಂಟನೇ ಒಂದು ಪಾಲು ಶಾಖ. ಕೈಗೂ ಗೊತ್ತಾಗೋದಿಲ್ಲ. 75 ಆಂಪಿಯರ್ ಹರಿದರೆ 56 ವ್ಯಾಟ್! ಸೋಲ್ಡರಿಂಗ್ ಐರನ್ ಕಾಯೋದು ಅಷ್ಟರಲ್ಲೇ. ಅಂದರೆ ನಾವು ಮಗಳು ಮಲಗಿದ ಸೀಟಿನ ಕೆಳಗೆ ಒಂದು ಸೋಲ್ಡರಿಂಗ್ ಐರನ್ ಹಚ್ಚಿಟ್ಟಿದ್ದೆವು.

ಮನೆಯ ವೈರಿಂಗ್ ಚೆನ್ನಾಗಿ ಮಾಡುವವರು ಗಾಡಿಯಲ್ಲಿ ಎಡವೋದು ಇಲ್ಲೇ. 12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯೋದಿಲ್ಲ, ಹಾಗಾಗಿ ಅದರ ಬಗ್ಗೆ ಭಯ ಇರೋದಿಲ್ಲ. ಆದರೆ ಬೆಂಕಿಗೆ ಬೇಕಾಗಿರೋದು ಆಂಪಿಯರ್.

ಮರುದಿನ ಬಾಗಲಕೋಟೆಯಲ್ಲಿ ಲಾರಿಗಳ ವೈರಿಂಗ್ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಲಗ್ಗನ್ನು ತಿರುಗಿಸಿ ನೋಡಿ, "ಇದನ್ನ ಪಕ್ಕಡದಿಂದ ಒತ್ಯಾರ್ರೀ. ಹಿಂಗ್ ಒತ್ತಿದ್ರ ಎಳಿ ಒಳಗ ಸಡ್ಲ ಇರತಾವ" ಅಂದರು. ಉದ್ದ ಹಿಡಿಕೆಯ ಕ್ರಿಂಪಿಂಗ್ ಟೂಲ್ ತಂದು, ಹೊಸ ಲಗ್ ಹಾಕಿ, ಆರು ಮೂಲೆ ಬೀಳುವ ಹಾಗೆ ಒತ್ತಿದರು. ಆಮೇಲೆ ಹಳೆಯ ಲಗ್ಗನ್ನೂ ಮಾದರಿಗೆ ಒತ್ತಿದ ಇನ್ನೊಂದನ್ನೂ ಗರಗಸದಿಂದ ಅಡ್ಡ ಕೊಯ್ದು ತೋರಿಸಿದರು. ಹಳೆಯದರ ಒಳಗೆ ತಾಮ್ರದ ಎಳೆಗಳ ನಡುವೆ ಸಂದಿಗಳು ಕಾಣುತ್ತಿದ್ದವು. ಅವರು ಮಾದರಿಗೆ ಒತ್ತಿ ಕೊಯ್ದದ್ದರಲ್ಲಿ ಎಳೆ ಯಾವುದು, ಲಗ್ ಯಾವುದು ಅನ್ನೋದೇ ತಿಳಿಯುತ್ತಿರಲಿಲ್ಲ. ಒಂದೇ ತಾಮ್ರದ ಗಟ್ಟಿ. "ಬೆಸುಗಿ ಹಾಕಬಾರದೇನ್ರಿ?" ಅಂತ ಕೇಳಿದೆ. "ಮನಿ ರೇಡಿಯೋಕ್ಕ ಹಾಕ್ರಿ. ಗಾಡಿ ಕುಣಿತೈತಿ, ಬೆಸುಗಿ ಮುಗದ ಜಾಗಾದಾಗ ವೈರ್ ಮುರಿತೈತಿ" ಅಂದರು. ನಮ್ಮ ರಸ್ತೆಗಳಲ್ಲಿ ಓಡಾಡಿದವರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತದೆ. ಇದೇ ಕಾರಣಕ್ಕೆ ಮನೆಗೆ ಹಾಕುವ ಗಟ್ಟಿ ಒಂಟಿ ತಂತಿ ಗಾಡಿಗೆ ಬೇಡ. ಸಣ್ಣ ಸಣ್ಣ ಎಳೆಗಳ ಬಗ್ಗುವ ತಾಮ್ರದ ವೈರೇ ಆಗಬೇಕು. ತಗಡಿನ ತೂತಿನಿಂದ ವೈರ್ ದಾಟುವಲ್ಲಿ ರಬ್ಬರ್ ಬುಷ್ ಇರಲೇಬೇಕು. ಇಲ್ಲದಿದ್ದರೆ ತಗಡಿನ ಅಂಚು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತ ಹೋಗುತ್ತದೆ.

ಹಾಗಾದರೆ ಫ್ಯೂಸ್ ಯಾಕೆ ಹಾರಲಿಲ್ಲ? ತುಂಬ ಜನ ಫ್ಯೂಸ್ ಇರೋದು ಟಿವಿ, ಫ್ರಿಜ್ ಕಾಪಾಡೋಕೆ ಅಂದುಕೊಂಡಿದ್ದಾರೆ. ಅಲ್ಲ. ಫ್ಯೂಸ್ ಕಾಯೋದು ವೈರನ್ನು. ವೈರ್ ತಡೆಯುವುದಕ್ಕಿಂತ ಹೆಚ್ಚು ಕರೆಂಟ್ ಹರಿದರೆ, ವೈರ್ ಕರಗುವ ಮೊದಲು ತಾನು ಕರಗಬೇಕು. ಅದರ ಕೆಲಸ ಅಷ್ಟೇ. ನಮ್ಮ ಗಾಡಿಯಲ್ಲಿ ಹರಿಯುತ್ತಿದ್ದದ್ದು 75 ಆಂಪಿಯರ್, ಫ್ಯೂಸ್ 125ರದ್ದು. ಫ್ಯೂಸಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಸಡಿಲ ಜಾಯಿಂಟನ್ನು ಯಾವ ಫ್ಯೂಸೂ ಕಂಡುಹಿಡಿಯೋದಿಲ್ಲ. ಅದನ್ನು ನಾವೇ ಕೈಯಿಟ್ಟು ನೋಡಬೇಕು.

ಹಾಗಂತ ಫ್ಯೂಸ್ ಸಣ್ಣ ವಿಷಯ ಅಲ್ಲ. ಪ್ಲಸ್ ವೈರ್ ಎಲ್ಲೋ ಸವೆದು ಗಾಡಿಯ ತಗಡಿಗೆ ತಾಗಿತು ಅಂದುಕೊಳ್ಳಿ. ಒಂದು ದೊಡ್ಡ ಬ್ಯಾಟರಿ ಆ ಕ್ಷಣದಲ್ಲಿ ಸಾವಿರ ಆಂಪಿಯರ್‌ಗೂ ಮೀರಿ ಸುರಿಯಬಲ್ಲದು. ಅದಕ್ಕೇ ಮೊದಲ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ಕಾವಲೂ ಇರೋದಿಲ್ಲ, ಆದ್ದರಿಂದ ಆ ತುಂಡು ಆದಷ್ಟು ಗಿಡ್ಡ ಇರಲಿ. ಅಲ್ಲಿಂದ ಮುಂದೆ ಲೈಟ್, ಫ್ಯಾನ್, ಫ್ರಿಜ್ ಒಂದೊಂದಕ್ಕೂ ಬೇರೆ ಬೇರೆ ಫ್ಯೂಸ್. 1000 ವ್ಯಾಟ್ ಇನ್ವರ್ಟರ್ ಪೂರ್ತಿ ಲೋಡ್‌ನಲ್ಲಿ 95, 100 ಆಂಪಿಯರ್ ಎಳೆಯುತ್ತದೆ. ಅದಕ್ಕೆ 35 ಚದರ ಮಿಲಿಮೀಟರ್ ತಾಮ್ರದ ವೈರ್, 125 ಆಂಪಿಯರ್ ಫ್ಯೂಸ್ ಹೊಂದುತ್ತದೆ. ಫ್ಯೂಸ್ ಪದೇ ಪದೇ ಹಾರುತ್ತಿದೆ ಅಂತ ದೊಡ್ಡದು ಹಾಕಿದರೆ, ಇನ್ನು ಮುಂದೆ ಕರಗೋದು ವೈರೇ.

ಇನ್ನೊಂದು ತಪ್ಪು ನಮ್ಮ ಕಡೆ ಎಲ್ಲೆಲ್ಲೂ ಕಾಣುತ್ತದೆ: ಮನೆಯ ಎಂಸಿಬಿಯನ್ನೇ (ಕರೆಂಟ್ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್) ತಂದು ಬ್ಯಾಟರಿ ಲೈನಿಗೆ ಹಾಕೋದು. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ. ಸ್ವಿಚ್ ಬಿಡುವಾಗ ಎದ್ದ ಕಿಡಿ ಆ ಸೊನ್ನೆಯಲ್ಲಿ ತಾನೇ ಆರುತ್ತದೆ. ಬ್ಯಾಟರಿಯ ಡಿಸಿ ಕರೆಂಟಿಗೆ ಸೊನ್ನೆಯೇ ಇಲ್ಲ. ಕಿಡಿ ಆರದೆ ಉರಿಯುತ್ತಲೇ ಇರಬಹುದು. ಡಿಸಿಗೆ ಅಂತ ಮಾಡಿದ ಬ್ರೇಕರ್ ಬೇರೆಯೇ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಈಗ ಬ್ಯಾಟರಿಗೆ ಬರೋಣ. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಒಳಗಿನ ಮನೆ ನಡೆಸುವ ಬ್ಯಾಟರಿ ಬೇರೆ. ಸೆಲ್ಫ್ ಹೊಡೆಯುವ ಬ್ಯಾಟರಿಯ ಒಳಗೆ ತೆಳು ಪ್ಲೇಟುಗಳು ಜಾಸ್ತಿ ಇರುತ್ತವೆ. ಎರಡು ಮೂರು ಸೆಕೆಂಡು ಜೋರಾಗಿ ಕೊಟ್ಟು ಸುಮ್ಮನಾಗೋದು ಅದರ ಗುಣ. ಅದರ ಮೇಲೆ ರಾತ್ರಿಯೆಲ್ಲ ಫ್ಯಾನ್ ಓಡಿಸಿದರೆ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಮನೆಯ ಇನ್ವರ್ಟರ್‌ಗೆ ಇಡುತ್ತೇವಲ್ಲ, ಆ ಟ್ಯೂಬುಲರ್ ಬ್ಯಾಟರಿ ನಿಧಾನಕ್ಕೆ ಹೊತ್ತುಗಟ್ಟಲೆ ಕೊಡಲಿಕ್ಕೆಂದೇ ಮಾಡಿದ್ದು. 150 ಎಎಚ್‌ನದ್ದಾದರೆ (ಎಎಚ್ ಅಂದರೆ ಆಂಪಿಯರ್ ಅವರ್) ಲೆಕ್ಕಕ್ಕೆ 1800 ವ್ಯಾಟ್ ಅವರ್. ಆದರೆ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗೋದು 900. ನಮ್ಮ ಸಣ್ಣ ಫ್ರಿಜ್ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 500 ತಿನ್ನುತ್ತದೆ. ಫ್ಯಾನ್ ಹತ್ತು ತಾಸು ಓಡಿದರೆ 280. ಲೈಟು, ಮೊಬೈಲು ಸೇರಿದರೆ ಒಂದು ದಿನಕ್ಕೇ ಮುಗಿಯಿತು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಎಎಚ್‌ನದ್ದೇ ಸಾವಿರ ವ್ಯಾಟ್ ಅವರ್‌ಗೂ ಹೆಚ್ಚು ಕೊಡುತ್ತದೆ, ಯಾಕೆಂದರೆ ಅದನ್ನು ನೂರಕ್ಕೆ ಎಂಬತ್ತು ತೊಂಬತ್ತರವರೆಗೆ ಬಳಸಬಹುದು. ತೂಕ ಹನ್ನೆರಡು ಕಿಲೋ ಆಸುಪಾಸು. ಟ್ಯೂಬುಲರ್ ಐವತ್ತು ಕಿಲೋ ಮೀರುತ್ತದೆ. ದುಡ್ಡು ಇದ್ದರೆ ನಾನು ಲಿಥಿಯಂ ಅನ್ನುತ್ತೇನೆ. ಇನ್ನೊಂದು ದೊಡ್ಡ ಕಾರಣ, ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಮಲಗುವ ಗಾಡಿಯಲ್ಲಿ ಅದನ್ನು ಇಡಲೇಬೇಕಾದರೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲ್ಭಾಗದಿಂದ ಹೊರಗೆ ಒಂದು ಪೈಪ್ ಬಿಡಬೇಕು. ಹೈಡ್ರೋಜನ್ ಹಗುರ, ಮೇಲಕ್ಕೇ ಏರುತ್ತದೆ.

ಸೀಸದ ಬ್ಯಾಟರಿಯನ್ನು (ಟ್ಯೂಬುಲರ್, ಸೆಲ್ಫ್ ಬ್ಯಾಟರಿ ಎರಡೂ ಸೀಸದ್ದೇ) ಖಾಲಿ ಬಿಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳೋದಿಲ್ಲ. ಬ್ಯಾಟರಿ ಖಾಲಿ ಆಗುವಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಆಗತಾನೇ ಕೂತದ್ದು ಮೆತ್ತಗಿರುತ್ತದೆ, ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಮಹಾಲಿಂಗಪುರದ ಕಡೆ ಬೆಲ್ಲದ ಗಾಣ ನೋಡಿದವರಿಗೆ ಇದು ಸುಲಭ. ಬಿಸಿ ಪಾಕ ಕೈ ಹಿಡಿದ ಕಡೆ ಹರಿಯುತ್ತದೆ, ಆರಿ ಅಚ್ಚಾದ ಮೇಲೆ ಒಡೆಯಲಿಕ್ಕೆ ಕಲ್ಲೇ ಬೇಕು. ಹರಳುಗಟ್ಟಿದ ಪ್ಲೇಟಿನ ಭಾಗ ಮತ್ತೆ ಕೆಲಸಕ್ಕೆ ಬರೋದಿಲ್ಲ. ಬ್ಯಾಟರಿ ನೋಡಲಿಕ್ಕೆ ಅಷ್ಟೇ ದೊಡ್ಡದು, ಒಳಗೆ ಅರ್ಧ ಉಳಿದಿರುತ್ತದೆ.

ಎಷ್ಟು ಉಳಿದಿದೆ ಅಂತ ತಿಳಿಯಲು ಮುನ್ನೂರು ನಾಲ್ಕುನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಲೋಡ್ ಎಲ್ಲ ತೆಗೆದು, ಚಾರ್ಜಿಂಗ್ ನಿಲ್ಲಿಸಿ, ಮೂರು ನಾಲ್ಕು ತಾಸು ಬಿಟ್ಟು ನೋಡಿ. ಸೀಸದ ಬ್ಯಾಟರಿ 12.6ರಿಂದ 12.7 ತೋರಿಸಿದರೆ ತುಂಬಿದೆ. 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ. 11.9 ಆದರೆ ಇವತ್ತೇ ಚಾರ್ಜಿಗೆ ಹಾಕಿ. ಲಿಥಿಯಂಗೆ ಈ ಉಪಾಯ ನಡೆಯೋದಿಲ್ಲ. ಅದರ ವೋಲ್ಟೇಜ್ ಬಹಳ ಹೊತ್ತು 13ರ ಆಸುಪಾಸಿನಲ್ಲೇ ನಿಂತಿದ್ದು, ಕೊನೆಯಲ್ಲಿ ಒಮ್ಮೆಲೇ ಬೀಳುತ್ತದೆ. ಅದಕ್ಕೆ ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರ್ ಬೇಕು.

ನಮ್ಮ ಕಡೆ ಬ್ಯಾಟರಿಗೆ ಮುಖ್ಯ ಶತ್ರು ಬಿಸಿಲು. ಸೀಸದ ಬ್ಯಾಟರಿಯ ಬಾಳಿಕೆಯನ್ನು ಕಂಪನಿಯವರು ಲೆಕ್ಕ ಹಾಕೋದು 25, 27 ಡಿಗ್ರಿಯಲ್ಲಿ. ಅದರ ಮೇಲೆ ಪ್ರತಿ ಹತ್ತು ಡಿಗ್ರಿಗೆ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವಿಜಯಪುರದ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ದಾಟುತ್ತದೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಒಳಗೆ 60ರ ಹತ್ತಿರ ಹೋಗುತ್ತದೆ. ಲಿಥಿಯಂ ಸೆಲ್‌ಗಳೂ ಕಾವಿಗೆ ಬೇಗ ಮುದಿಯಾಗುತ್ತವೆ, ಅದರಲ್ಲೂ ಪೂರ್ತಿ ತುಂಬಿಟ್ಟು ಕಾಯಲು ಬಿಟ್ಟರೆ ಇನ್ನೂ ಬೇಗ. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕಾವು ಮಿತಿ ಮೀರಿದರೆ ಕರೆಂಟ್ ಕಡಿದು ಕಾಪಾಡುತ್ತದೆ. ಆದರೆ ಆ ಮಿತಿಯ ಕೆಳಗೆ ದಿನಾ ಸ್ವಲ್ಪ ಸ್ವಲ್ಪ ಸವೆಯೋದನ್ನು ಅದು ತಡೆಯಲಾರದು.

ನಾವು ಮಾಡಿದ್ದು ಇಷ್ಟು. ಬ್ಯಾಟರಿಯನ್ನು ಗಾಡಿಯ ನೆಲದ ಮಟ್ಟಕ್ಕೆ ಇಳಿಸಿದೆವು, ಸೈಲೆನ್ಸರ್ ಹೋಗುವ ಬದಿಯಿಂದ ದೂರ. ಸುತ್ತ ಎರಡು ಬೆರಳು ಸಂದಿ ಬಿಟ್ಟು, ಒಂದು ಪುಟ್ಟ ಫ್ಯಾನ್ ಕೂರಿಸಿದೆವು. ಚಾರ್ಜರ್‌ನ ಜೊತೆ ಬರುವ ಕಾವು ಅಳೆಯುವ ಸಣ್ಣ ವೈರನ್ನು ಬ್ಯಾಟರಿಗೇ ಅಂಟಿಸಿದೆವು. ಈ ವೈರನ್ನು ಎಷ್ಟೋ ಜನ ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಸೀಸದ ಬ್ಯಾಟರಿ ಇದ್ದವರಿಗೆ ಅದು ತುಂಬಾ ಮುಖ್ಯ. 25 ಡಿಗ್ರಿಯಲ್ಲಿ 14.4 ವೋಲ್ಟ್‌ಗೆ ಚಾರ್ಜ್ ಆಗುವ ಬ್ಯಾಟರಿಗೆ 42 ಡಿಗ್ರಿಯಲ್ಲಿ 14.0 ಸಾಕು. ಅದೇ 14.4 ಕೊಡುತ್ತ ಹೋದರೆ ನೀರು ಕುದಿದ ಹಾಗೆ ಆರಿ ಹೋಗುತ್ತದೆ.

ನೀರಿನ ಮಾತು ಬಂದಾಗ ಒಂದು ವಿಷಯ ಒತ್ತಿ ಹೇಳಬೇಕು. ಬ್ಯಾಟರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮ ಕಡೆಯ ಸವಳು ನೀರಿನ ಉಪ್ಪು ಪ್ಲೇಟನ್ನು ತಿನ್ನುತ್ತದೆ. ಕುಡಿಯುವ ಫಿಲ್ಟರ್ ನೀರಲ್ಲೂ ಉಪ್ಪು ಉಳಿದಿರುತ್ತದೆ. ಪೆಟ್ರೋಲ್ ಪಂಪ್‌ನಲ್ಲೋ ಬ್ಯಾಟರಿ ಅಂಗಡಿಯಲ್ಲೋ ಸಿಗುವ ಬ್ಯಾಟರಿ ನೀರನ್ನೇ ಹಾಕಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಪೂರ್ತಿ ಚಾರ್ಜ್ ಆದ ಮೇಲೆ, ಗುರುತಿನ ತನಕ. ಆ್ಯಸಿಡ್ ಯಾವತ್ತೂ ಮೇಲಿಂದ ಸುರಿಯಬಾರದು, ಆವಿಯಾಗಿ ಹೋಗೋದು ನೀರು ಮಾತ್ರ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ಹಳೆ ಬ್ರಷ್ ಹಿಡಿದು ತೊಳೆಯಿರಿ. ಮುಚ್ಚಳ ಬಿಗಿ ಇರಲಿ, ಸೋಡಾ ಒಳಗೆ ಇಳಿಯಬಾರದು. ಒರೆಸಿ, ಒಣಗಿಸಿ, ಬಿಗಿ ಮಾಡಿದ ಮೇಲೆ ತೆಳ್ಳಗೆ ವ್ಯಾಸಲಿನ್ ಹಚ್ಚಿ.

ವೈರ್ ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಗಾಡಿಯ ಮೈಯೆಲ್ಲ ಮೈನಸ್ಸೇ ಆಗಿರುತ್ತದೆ. ಪ್ಲಸ್ ಬಿಚ್ಚುವಾಗ ಪಾನಾ ತಗಡಿಗೆ ತಾಗಿದರೆ ಪಾನಾವೇ ಬೆಸೆದುಕೊಳ್ಳುತ್ತದೆ. ಮೊದಲು ಮೈನಸ್ ತೆಗೆದಿದ್ದರೆ ತಾಗಿದರೂ ಏನೂ ಆಗೋದಿಲ್ಲ. ಕೈಯಲ್ಲಿ ಉಂಗುರ ಇದ್ದರೆ ತೆಗೆದಿಡಿ.

ಚಾರ್ಜಿಂಗ್‌ಗೆ ನಮಗೆ ಮೂರು ದಾರಿ. ಡೈನಮೋದಿಂದ ಚಾರ್ಜ್ ಮಾಡುವವರು ಲಿಥಿಯಂ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಅದು ಎಷ್ಟು ಸಿಕ್ಕರೂ ಎಳೆಯುತ್ತದೆ. ಗಾಡಿ ನಿಂತಲ್ಲೇ ಸ್ಟಾರ್ಟ್ ಇದ್ದಾಗ ಡೈನಮೋಗೆ ಗಾಳಿಯೂ ಕಡಿಮೆ, ಸುಟ್ಟು ಹೋಗಬಹುದು. ಎಷ್ಟೋ ಬಿಎಸ್-6 ಗಾಡಿಗಳಲ್ಲಿ ಡೈನಮೋದ ವೋಲ್ಟೇಜ್ ಏರಿಳಿಯುತ್ತಲೂ ಇರುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಎರಡೂ ತೊಂದರೆ ತಪ್ಪುತ್ತವೆ, ಸೆಲ್ಫ್ ಬ್ಯಾಟರಿಯೂ ಖಾಲಿ ಆಗೋದಿಲ್ಲ.

ಸೋಲಾರ್ ಪ್ಲೇಟಿಗೆ ಬಿಸಿಲು ಇಷ್ಟ, ಕಾವು ಇಷ್ಟ ಇಲ್ಲ. ಚಾವಣಿಗೆ ಅಂಟಿಸಿದ ಪ್ಲೇಟ್ ಮಧ್ಯಾಹ್ನ 65 ಡಿಗ್ರಿಗೆ ಕಾದರೆ ನೂರಕ್ಕೆ ಹದಿನಾಲ್ಕರಷ್ಟು ಕಡಿಮೆ ಕೊಡುತ್ತದೆ. ಕೆಳಗೆ ನಾಲ್ಕು ಬೆರಳು ಗಾಳಿಯಾಡುವ ಜಾಗ ಬಿಡಿ, ಧೂಳನ್ನು ಬೆಳಿಗ್ಗೆ ತಂಪಿನಲ್ಲಿ ಒರೆಸಿ. ಪ್ಲೇಟ್, ಬ್ಯಾಟರಿ ನಡುವೆ ಕೂರುವ ಚಾರ್ಜ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಲೇಟ್ ಜೋಡಿಸಿ. ತೆಗೆಯುವಾಗ ಮೊದಲು ಪ್ಲೇಟ್. ಜುಲೈನಲ್ಲಿ ಖಾನಾಪುರ, ಜಾಂಬೋಟಿ ಕಡೆ ಹೋಗುವವರು ಸೋಲಾರ್ ನಂಬಿಕೊಂಡು ಹೋಗಬೇಡಿ. ಅಲ್ಲಿ ದಿನಗಟ್ಟಲೆ ಸೂರ್ಯ ಕಾಣೋದಿಲ್ಲ.

ಮೂರನೆಯದು ಹೊರಗಿನ ಕರೆಂಟ್. ಹೊಲದ ಮನೆ, ಧಾಬಾ, ಜಾತ್ರೆ ಪೆಂಡಾಲ್, ಎಲ್ಲಿಂದಲೋ ಒಂದು ವೈರ್ ಎಳೆದು ಗಾಡಿಗೆ ಕೊಡುತ್ತೇವೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದು. ಮೂರು ಫೇಸ್ ಬರುವ ಕಡೆ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400. ನ್ಯೂಟ್ರಲ್ ತಂತಿ ಎಲ್ಲೋ ಸಡಿಲಾಗಿ ಕಡಿದರೆ, ಬೇರೆ ಬೇರೆ ಫೇಸ್‌ಗಳಲ್ಲಿರುವ ಸಾಮಾನುಗಳು ಒಂದರ ಬೆನ್ನಿಗೆ ಒಂದು ಜೋಡಿಸಿದ ಹಾಗಾಗಿ ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ದೊಡ್ಡ ಲೋಡ್ ಇರುವ ಕಡೆ ಕಡಿಮೆ ಬೀಳುತ್ತದೆ, ಸಣ್ಣ ಲೋಡ್ ಇರುವ ಕಡೆ 300, 350 ಏರುತ್ತದೆ. ಒಂದು ಸಂಜೆ ನಾವು ತಂಗಿದ್ದ ಕಡೆ ಹೀಗೇ ಆಯಿತು. ಪಡಸಾಲೆಯ ಬಲ್ಬ್ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಾಯಿತು, ಫ್ಯಾನಿನ ಸದ್ದು ಏರಿತು. ಗಾಡಿಯೊಳಗೆ ಟಕ್ ಅಂತ ಒಂದು ಸದ್ದು. ನಮ್ಮ ವೋಲ್ಟೇಜ್ ಪ್ರೊಟೆಕ್ಟರ್ ಕಡಿದಿತ್ತು, ಅದರ ಮೇಲೆ 318 ಅಂತ ಅಂಕಿ ಮಿನುಗುತ್ತಿತ್ತು. ಆ ಮನೆಯ ಟಿವಿ ಹೋಯಿತು. ನಮ್ಮ ಚಾರ್ಜರ್, ಫ್ರಿಜ್ ಉಳಿದವು.

ಈ ಪ್ರೊಟೆಕ್ಟರ್ ಎಂಸಿಬಿ ಪಕ್ಕದಲ್ಲೇ ಕೂರುವ ಸಣ್ಣ ಸಾಮಾನು. 260ರ ಮೇಲೆ, 180ರ ಕೆಳಗೆ ಕಡಿಯುವಂತೆ ಇಟ್ಟಿದ್ದೇನೆ, ಮತ್ತೆ ಕೊಡಲು ಮೂರು ನಿಮಿಷ ತಡ. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಶುರುವಾಗಬಾರದು, ಅದಕ್ಕೆ ಆ ಮೂರು ನಿಮಿಷ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಕಡ್ಡಾಯ. ಗಾಡಿ ನಿಂತಿರೋದು ರಬ್ಬರ್ ಟೈರಿನ ಮೇಲೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಒಳಗೆ ಫೇಸ್ ತಗಡಿಗೆ ತಾಗಿದರೂ ಏನೂ ಹಾರೋದಿಲ್ಲ, ಗಾಡಿಯ ಮೈಯೆಲ್ಲ ಕರೆಂಟ್ ಆಗಿ ಕಾಯುತ್ತಿರುತ್ತದೆ. ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಹೊಡೆಯುತ್ತದೆ. ಆರ್‌ಸಿಸಿಬಿ ಆ ಕ್ಷಣದಲ್ಲಿ ಕಡಿಯುತ್ತದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ರೋಹಿಣಿ ಮಳೆಯ ಗುಡುಗು ಕೇಳಿದ ತಕ್ಷಣ ನಾವು ಹೊರಗಿನ ವೈರನ್ನೇ ಕಿತ್ತು ಸುತ್ತಿಡುತ್ತೇವೆ. ಸಿಡಿಲಿಗೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಗಾಡಿ ಓಡಿಸದೆ ನಿಲ್ಲಿಸಿದಾಗ ಬ್ಯಾಟರಿ ಸುಮ್ನೆ ಇರೋದಿಲ್ಲ. ಗ್ಯಾಸ್ ಅಲಾರಾಂ, ಸ್ಟೀರಿಯೋ, ಮೀಟರ್ ಎಲ್ಲ ಸೇರಿ ಒಂದು ಆಂಪಿಯರ್‌ನ ಹತ್ತರಲ್ಲಿ ಒಂದು ಪಾಲು ಎಳೆದರೂ ತಿಂಗಳಿಗೆ 72 ಎಎಚ್. ಇನ್ವರ್ಟರ್ ಬರೀ ಆನ್ ಇದ್ದರೇ ಹದಿನೈದು ವ್ಯಾಟ್‌ನಂತೆ ದಿನಕ್ಕೆ 360 ವ್ಯಾಟ್ ಅವರ್ ತಿನ್ನುತ್ತದೆ. ಆದ್ದರಿಂದ ಮೈನ್ ಸ್ವಿಚ್ ಆಫ್ ಮಾಡಿಡಿ. ಲಿಥಿಯಂ ಆದರೆ ಅರ್ಧ ತುಂಬಿಸಿಡಿ. ಸೀಸದ್ದಾದರೆ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ.

ಬಾಗಲಕೋಟೆಯ ಆ ಹಿರಿಯರು ಹೇಳಿಕೊಟ್ಟ ಒಂದು ಉಪಾಯ ಈಗಲೂ ನಮ್ಮ ಗಾಡಿಯಲ್ಲಿದೆ. ಪ್ರತಿ ನಟ್ಟು ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಲಗ್‌ವರೆಗೆ ಒಂದು ಗೆರೆ ಎಳೆಯಬೇಕು. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ನಾವು ಮಗಳ ಕೆಂಪು ನೇಲ್ ಪಾಲಿಶ್‌ನಿಂದ ಹದಿನೇಳು ಗೆರೆ ಎಳೆದಿದ್ದೇವೆ. ಊರಿಂದ ಹೊರಡುವ ಹಿಂದಿನ ದಿನ ಅವಳೇ ಟಾರ್ಚ್ ಹಿಡಿದು ಒಂದೊಂದನ್ನೇ ಎಣಿಸುತ್ತಾಳೆ. ಹೋದ ಸಲ ಆಲಮಟ್ಟಿಗೆ ಹೊರಡುವ ಮುನ್ನ ಒಂಬತ್ತನೆಯದರ ಹತ್ತಿರ ನಿಂತು, "ಅಪ್ಪಾ, ಇದು ಸೊಟ್ಟ ಆಗೇತಿ" ಅಂದಳು. ಕೂದಲೆಳೆಯಷ್ಟು ಸರಿದಿತ್ತು. ಮೈನಸ್ ಬಿಚ್ಚಿ, ಅದನ್ನು ಬಿಗಿ ಮಾಡಿ, ಹಳೆ ಗೆರೆ ಒರೆಸಿ ಹೊಸದು ಎಳೆದೆವು. ಪಾಲಿಶ್ ಒಣಗುವ ತನಕ ಕಾದು, ಆಮೇಲೆ ಮೈನಸ್ ಹಾಕಿದೆ.